ಹಾಲುಹಲ್ಲಿನ ಹುಳುಕೂ ಮನೆಯ ಸ್ಥಿತಿಗತಿಯೂ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ದಂತವೈದ್ಯರೊಬ್ಬರು ಮಾಡಿದ ಭಾಷಣ)



ಗಡಿನಾಡಿನ ಕನ್ನಡ ಸಂಘದ ವಾರ್ಷಿಕೋತ್ಸವವೆಂದ ಮೇಲೆ ಭಾಷೆಯ ಮಾತು, ಶಾಲೆಯ ಮಾತು, ಗಡಿಯ ಮಾತು ಬರುವುದು ಸಹಜವೇ. ನನಗಿಂತ ಮುಂಚೆ ಮಾತನಾಡಿದವರು ಆ ವಿಷಯಗಳನ್ನು ಚೆನ್ನಾಗಿ ವಿವೇಚಿಸಿದ್ದಾರೆ. ನಾನಾದರೋ ಹಲ್ಲಿನ ವೈದ್ಯ. ಭಾಷೆಯನ್ನು ಕುರಿತು ಅಧಿಕಾರದಿಂದ ಮಾತನಾಡುವ ಯೋಗ್ಯತೆ ನನಗಿಲ್ಲ. ಆದರೆ ಆ ಭಾಷೆಯನ್ನು ನಾಳೆ ಆಡಬೇಕಾದ ಎಳೆಯ ಬಾಯಿಗಳನ್ನು ನಾನು ದಿನವೂ ನೋಡುತ್ತೇನೆ. ಅವುಗಳ ಸ್ಥಿತಿಯನ್ನು ಕುರಿತು ನಾಲ್ಕು ಮಾತು ಹೇಳಲು ಅವಕಾಶ ಕೊಟ್ಟ ಸಂಘದವರಿಗೆ ನಾನು ಕೃತಜ್ಞನಾಗಿದ್ದೇನೆ.

ಆರು ವರ್ಷದೊಳಗಿನ ಮಕ್ಕಳ ಹಲ್ಲು ಹುಳುಕಾಗುವುದಕ್ಕೂ ಆ ಮಕ್ಕಳು ಹುಟ್ಟಿದ ಮನೆಯ ಸ್ಥಿತಿಗತಿಗೂ ಇರುವ ಸಂಬಂಧವೇನು ಎಂಬುದೇ ಇಂದಿನ ನನ್ನ ವಿಷಯ. ಇದು ಕೇವಲ ವೈದ್ಯರ ವಿಷಯವಲ್ಲ. ಸಂಸಾರವಂದಿಗರ ವಿಷಯ, ಸಂಘ ಸಂಸ್ಥೆಗಳ ವಿಷಯ ಎಂಬುದನ್ನು ತೋರಿಸುವುದು ನನ್ನ ಉದ್ದೇಶ.

ನಮ್ಮ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕಡೆಯ ತಾಯಂದಿರು ಮಗುವಿನ ಹಲ್ಲನ್ನು ತೋರಿಸಲು ಬಂದಾಗ ಮೊದಲು ಕೇಳುವ ಪ್ರಶ್ನೆ ಒಂದೇ: “ಸಾಹೇಬರ, ಇವು ಹಾಲಹಲ್ಲು ಅಲ್ಲೇನ್ರೀ? ಬಿದ್ದು ಹೋಗೂ ಹಲ್ಲಿಗೆ ಯಾಕ ಇಷ್ಟು ರೊಕ್ಕ, ಇಷ್ಟು ಯಾತನಿ?” ಪ್ರಶ್ನೆ ನ್ಯಾಯವಾದುದೇ. ಆದುದರಿಂದ ಅದಕ್ಕೆ ಮೊದಲು ಉತ್ತರ ಹೇಳುತ್ತೇನೆ.

ಹಾಲುಹಲ್ಲುಗಳು ಒಟ್ಟು ಇಪ್ಪತ್ತು. ಆರನೆಯ ತಿಂಗಳ ಸುಮಾರಿಗೆ ಮೊದಲ ಹಲ್ಲು ಮೂಡಿ, ಎರಡೂವರೆ ಮೂರು ವರ್ಷಕ್ಕೆಲ್ಲ ಇಪ್ಪತ್ತೂ ತುಂಬುತ್ತವೆ. ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬಿದ್ದು ಹೋಗುವುದು ನಿಜ. ಆದರೆ ಮಗು ಅಗಿದು ತಿನ್ನುವ ದವಡೆಯ ಹಾಲುಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೆ ಬಾಯಲ್ಲಿರಬೇಕಾದವು. ಮೂರನೆಯ ವರ್ಷದಲ್ಲಿ ಹುಳುಕಾದ ದವಡೆಹಲ್ಲು ಇನ್ನೂ ಏಳೆಂಟು ವರ್ಷ ಆ ಮಗುವಿನ ಬಾಯಲ್ಲಿ ಕೊಳೆಯಬೇಕು ಎಂದಾಯಿತು. ಏಳೆಂಟು ವರ್ಷವೆಂದರೆ ಒಂದು ಬಾಲ್ಯದ ಮುಕ್ಕಾಲು ಪಾಲು.

ಅಷ್ಟೇ ಅಲ್ಲ. ಆರನೆಯ ವರ್ಷದಲ್ಲಿ, ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಸಾಲಿನ ಹಿಂದೆ ಸದ್ದಿಲ್ಲದೆ ಒಂದು ದೊಡ್ಡ ದವಡೆಹಲ್ಲು ಮೂಡುತ್ತದೆ. ಅದು ಜೀವನಪರ್ಯಂತ ಇರಬೇಕಾದ ಹಲ್ಲು. ಹಲ್ಲು ಬಿದ್ದು ಅದರ ಜಾಗದಲ್ಲಿ ಬಂದುದಲ್ಲವಾದ್ದರಿಂದ ಇದೂ ಹಾಲುಹಲ್ಲೇ ಎಂದು ಮನೆಯವರು ಭಾವಿಸುತ್ತಾರೆ. ಸುತ್ತಲಿನ ಹಲ್ಲುಗಳೆಲ್ಲ ಕೊಳೆತಿರುವ ಬಾಯಲ್ಲಿ ಹುಟ್ಟಿದ ಈ ಶಾಶ್ವತ ಹಲ್ಲು ಎಂಟು ಒಂಬತ್ತು ವರ್ಷಕ್ಕೆ ತಾನೂ ಕೊಳೆಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹಾಲುಹಲ್ಲು ಅಕಾಲದಲ್ಲಿ ಹೋದರೆ ಅಕ್ಕಪಕ್ಕದ ಹಲ್ಲುಗಳು ವಾಲಿ, ಹೊಸ ಹಲ್ಲಿಗೆ ದಾರಿಯಿಲ್ಲದಂತಾಗುವುದೂ ಉಂಟು. ಮುಂಭಾಗದ ಹಲ್ಲುಗಳಿಲ್ಲದ ಮಗುವಿಗೆ ತಕಾರ, ದಕಾರ, ಸಕಾರಗಳ ಉಚ್ಚಾರಕ್ಕೂ ತೊಡಕು.

ಇವೆಲ್ಲಕ್ಕಿಂತ ಮಿಗಿಲಾದುದು ನೋವು. ದೊಡ್ಡವರು ಹಲ್ಲುನೋವೆಂದರೆ ಬಾಯಿಬಿಟ್ಟು ಹೇಳುತ್ತಾರೆ. ಮೂರು ವರ್ಷದ ಕೂಸು ಹಾಗೆ ಹೇಳಲಾರದು. ಅದು ರಾತ್ರಿ ಎದ್ದು ಅಳುತ್ತದೆ. ರೊಟ್ಟಿಯನ್ನು ದೂರ ತಳ್ಳುತ್ತದೆ. ಒಂದೇ ಕಡೆಯಿಂದ ಅಗಿಯುತ್ತದೆ. ಮೆತ್ತಗಿನದನ್ನೇ, ಸಿಹಿಯಾದುದನ್ನೇ ಬೇಡುತ್ತದೆ. ಮನೆಯವರು ಅದನ್ನು ಹಠಮಾರಿ ಎನ್ನುತ್ತಾರೆ. ಆ ಹಠದ ಮೂಲ ಎಷ್ಟೋ ಸಲ ಹಲ್ಲಿನ ಬುಡದಲ್ಲಿರುತ್ತದೆ.

ಇನ್ನು ಹುಳುಕು ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡೋಣ. ಹಲ್ಲಿನೊಳಗೆ ಹುಳ ಹೊಕ್ಕು ಕೊರೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಮಾತ್ರವಲ್ಲ, ಲೋಕದ ಅನೇಕ ನಾಡುಗಳಲ್ಲಿ ಸಾವಿರಾರು ವರ್ಷ ಬಾಳಿದೆ. ನಮ್ಮ ‘ಹುಳುಕು’ ಎಂಬ ಮಾತಿನಲ್ಲಿಯೂ ಹುಳ ಕೂತಿದೆ. ಜಾತ್ರೆ ಸಂತೆಗಳಲ್ಲಿ ಹಲ್ಲಿನ ಹುಳ ತೆಗೆದು ತೋರಿಸುವ ಕೈಚಳಕದವರನ್ನು ಹಿರಿಯರು ಕಂಡಿರಬಹುದು. 1890ರಲ್ಲಿ ಬರ್ಲಿನ್ನಿನಲ್ಲಿದ್ದ ವಿಲ್ಲೋಬಿ ಮಿಲ್ಲರ್ ಎಂಬ ದಂತವೈದ್ಯರು ಇದರ ನಿಜಸಂಗತಿಯನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಬಾಯಲ್ಲಿರುವ ಸೂಕ್ಷ್ಮಜೀವಿಗಳು ನಾವು ತಿಂದ ಸಕ್ಕರೆ ಹಿಟ್ಟುಗಳನ್ನು ತಾವೂ ತಿಂದು ಆಮ್ಲವನ್ನು ಉತ್ಪಾದಿಸುತ್ತವೆ. ಆ ಆಮ್ಲವು ಹಲ್ಲಿನ ಮೇಲ್ಪದರದ ಸುಣ್ಣವನ್ನು ಕರಗಿಸುತ್ತದೆ ಎಂದು ಅವರು ತೋರಿಸಿದರು. ಹುಣಿಸೆಹುಳಿ ಬಿದ್ದ ಸುಣ್ಣದ ಗೋಡೆ ಏನಾಗುವುದೋ ಅದೇ ಹಲ್ಲಿಗೂ ಆಗುತ್ತದೆ.

ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಈ ಹುಳಿ ಏಳುತ್ತದೆ. ಅದು ಇಳಿಯಲು ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಬೇಕು. ಆ ಮೇಲೆ ನಮ್ಮ ಜೊಲ್ಲು, ತನ್ನಲ್ಲಿರುವ ಸುಣ್ಣದ ಅಂಶದಿಂದ, ಕರಗಿದುದನ್ನು ತಕ್ಕಮಟ್ಟಿಗೆ ತುಂಬಿಕೊಡುತ್ತದೆ. ಹೀಗೆ ಹಲ್ಲಿನ ಮೇಲೆ ದಿನವೂ ಸವೆತ ಮತ್ತು ದುರಸ್ತಿ ಎರಡೂ ನಡೆದಿರುತ್ತವೆ. ಆದುದರಿಂದ ಎಷ್ಟು ಸಿಹಿ ತಿಂದೆವು ಎಂಬುದರ ಜೊತೆಗೆ, ಎಷ್ಟು ಸಲ ತಿಂದೆವು ಎಂಬುದೂ ಬಹಳ ಮುಖ್ಯ. ಹೋಳಿಗೆಯ ಊಟ ವರ್ಷಕ್ಕೆ ಕೆಲವು ದಿನದ್ದು. ಊಟದ ಜೊತೆಗೇ ಮುಗಿಯುವಂಥದು. ದಿನಕ್ಕೆ ಆರು ಸಲ ಬರುವ ಚಹಾ, ಬಿಸ್ಕೀಟು, ಚಾಕಲೇಟುಗಳಾದರೆ ಜೊಲ್ಲಿಗೆ ದುರಸ್ತಿಯ ಸಮಯವನ್ನೇ ಕೊಡುವುದಿಲ್ಲ. ನಿದ್ರೆಯಲ್ಲಿ ಜೊಲ್ಲು ಊರುವುದು ತೀರ ಕಡಿಮೆ. ಸಕ್ಕರೆ ಬೆರೆಸಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡು ಮಲಗಿದ ಮಗುವಿನ ಹಲ್ಲಿಗೆ ರಾತ್ರಿಯಿಡೀ ಕಾವಲಿಲ್ಲದಂತಾಗುತ್ತದೆ.

ಇದನ್ನು ಖಚಿತಪಡಿಸಿದ ಪ್ರಯೋಗದ ಚರಿತ್ರೆ ಕಹಿಯಾದುದು. ಸ್ವೀಡನ್ ದೇಶದ ವಿಪೆಹೋಲ್ಮ್ ಎಂಬಲ್ಲಿ, ಬುದ್ಧಿಮಾಂದ್ಯರನ್ನು ಇರಿಸಿದ್ದ ಸಂಸ್ಥೆಯೊಂದರಲ್ಲಿ, 1940ರ ದಶಕದ ನಡುವಿನಿಂದ ಕೆಲವು ವರ್ಷ, ಅಲ್ಲಿನವರಿಗೆ ಬಗೆಬಗೆಯಾಗಿ ಸಿಹಿ ತಿನ್ನಿಸಿ ಹಲ್ಲುಗಳನ್ನು ಪರೀಕ್ಷಿಸಿದರು. ಊಟಗಳ ನಡುನಡುವೆ ಅಂಟುವ ಮಿಠಾಯಿ ತಿಂದವರ ಹಲ್ಲುಗಳೇ ಎಲ್ಲರಿಗಿಂತ ಹೆಚ್ಚು ಹಾಳಾದವು ಎಂದು 1954ರಲ್ಲಿ ವರದಿ ಹೊರಬಂತು. ವಿಜ್ಞಾನ ಬೆಳೆಯಿತು, ಆದರೆ ಅದಕ್ಕೆ ಹಲ್ಲು ತೆತ್ತವರು ‘ಬೇಡ’ ಎನ್ನುವ ಶಕ್ತಿಯಿಲ್ಲದ ಅಸಹಾಯಕರು. ಹುಳುಕಿನ ಚರಿತ್ರೆಯಲ್ಲಿ ಬೆಲೆ ತೆರುವವರು ಯಾರು ಎಂಬ ಪ್ರಶ್ನೆ ಅಲ್ಲಿಯೂ ಇದೆ, ಇಲ್ಲಿಯೂ ಇದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಒಂದು ಕಾಲದಲ್ಲಿ ಹುಳುಕುಹಲ್ಲು ಸಿರಿವಂತರ ರೋಗವಾಗಿತ್ತೆಂದರೆ ನಿಮಗೆ ಆಶ್ಚರ್ಯವಾದೀತು. ಸಕ್ಕರೆಯ ತವರು ನಮ್ಮ ದೇಶವೇ. ಸಂಸ್ಕೃತದ ‘ಶರ್ಕರಾ’ ಶಬ್ದವೇ ಪಾರಸಿ ಅರಬ್ಬಿಗಳ ದಾರಿಯಲ್ಲಿ ಹೋಗಿ ಇಂಗ್ಲಿಷಿನ ‘ಶುಗರ್’ ಆಯಿತು. ‘ಖಂಡ’ ಶಬ್ದವು ‘ಕ್ಯಾಂಡಿ’ ಆಯಿತು. ಆದರೆ ಯುರೋಪಿನಲ್ಲಿ ಬಹುಕಾಲ ಸಕ್ಕರೆ ಬಂಗಾರದಂತೆ ದುಬಾರಿ. ಅರಸರು, ಶ್ರೀಮಂತರು ಮಾತ್ರ ಅದನ್ನು ತಿನ್ನಬಲ್ಲವರಾಗಿದ್ದರು. 1598ರಲ್ಲಿ ಇಂಗ್ಲೆಂಡಿನ ಎಲಿಜಬೆತ್ ರಾಣಿಯನ್ನು ಕಂಡ ಪಾಲ್ ಹೆಂಟ್ಸ್ನರ್ ಎಂಬ ಜರ್ಮನ್ ಪ್ರವಾಸಿ ಆಕೆಯ ಹಲ್ಲುಗಳು ಕಪ್ಪಾಗಿದ್ದವೆಂದು ಬರೆದು, ಅತಿಯಾದ ಸಕ್ಕರೆಯೇ ಅದಕ್ಕೆ ಕಾರಣವಿರಬೇಕೆಂದು ಸೂಚಿಸಿದ್ದಾನೆ. ರೊಟ್ಟಿ ತಿನ್ನುವ ರೈತನ ಹಲ್ಲಿಗಿಂತ ರಾಣಿಯ ಹಲ್ಲು ಕೆಟ್ಟದ್ದಾಗಿದ್ದ ಕಾಲವದು.

ಮುಂದೆ ಸಕ್ಕರೆ ಅಗ್ಗವಾಯಿತು. 1874ರಲ್ಲಿ ಬ್ರಿಟನ್ ಸರಕಾರ ಸಕ್ಕರೆಯ ಮೇಲಿನ ಸುಂಕವನ್ನು ತೆಗೆದುಹಾಕಿತು. ಕಾರ್ಖಾನೆಯ ಕೂಲಿಗೆ ಸಿಹಿ ಚಹಾ, ಮುರಬ್ಬ ಸವರಿದ ಬ್ರೆಡ್ಡು ದಿನದ ಆಹಾರವಾದವು. ಅತ್ತ ಸಿರಿವಂತರ ಮನೆಗೆ ಬ್ರಷ್ ಬಂತು, ದಂತವೈದ್ಯ ಬಂದ, ಫ್ಲೋರೈಡ್ ಸೇರಿದ ಪೇಸ್ಟು ಬಂತು. ರೋಗವು ಅರಮನೆಯಿಂದ ಇಳಿದು ಗುಡಿಸಲಿಗೆ ಬಂದು ನೆಲೆಸಿತು. 2022ರಲ್ಲಿ ಇಂಗ್ಲೆಂಡಿನ ಐದು ವರ್ಷದ ಮಕ್ಕಳನ್ನು ಪರೀಕ್ಷಿಸಿದಾಗ, ಅತ್ಯಂತ ಬಡ ಪ್ರದೇಶಗಳಲ್ಲಿ 100ಕ್ಕೆ 35 ಮಕ್ಕಳಿಗೆ ಹುಳುಕು ಕಂಡುಬಂದರೆ, ಅತ್ಯಂತ ಅನುಕೂಲವಂತ ಪ್ರದೇಶಗಳಲ್ಲಿ 100ಕ್ಕೆ 14 ಮಕ್ಕಳಿಗಷ್ಟೇ ಕಂಡುಬಂತು. ಒಂದೇ ದೇಶ, ಒಂದೇ ಸರಕಾರ. ಆದರೂ ಎರಡೂವರೆ ಪಟ್ಟು ಅಂತರ. ಇದು ಬಡವ ಬಲ್ಲಿದ ಎಂಬ ಎರಡೇ ಮೆಟ್ಟಿಲಿನ ಮಾತೂ ಅಲ್ಲ. ಸ್ಥಿತಿಗತಿಯ ಏಣಿಯಲ್ಲಿ ಒಂದೊಂದು ಮೆಟ್ಟಿಲು ಇಳಿದಂತೆಲ್ಲ ಹುಳುಕು ಒಂದೊಂದು ಮೆಟ್ಟಿಲು ಏರುತ್ತದೆ.

ಈ ಚರಿತ್ರೆಯಿಂದ ನನ್ನ ಅಲ್ಪಮತಿಗೆ ತೋರಿದ ತಾತ್ಪರ್ಯ ಇಷ್ಟು: ಯಾವ ಮನೆಗೇ ಆಗಲಿ, ಸಿಹಿ ಮೊದಲು ಬರುತ್ತದೆ, ಬ್ರಷ್ಷು ಆಮೇಲೆ ಬರುತ್ತದೆ, ವೈದ್ಯ ಎಲ್ಲರಿಗಿಂತ ಕೊನೆಗೆ ಬರುತ್ತಾನೆ. ಸಿಹಿ ಬಂದುದಕ್ಕೂ ಬ್ರಷ್ಷು ಬರುವುದಕ್ಕೂ ನಡುವೆ ಇರುವ ಕಾಲವೇ ಹುಳುಕಿನ ಸುಗ್ಗಿ. ಸಿರಿವಂತನ ಮನೆಯಲ್ಲಿ ಆ ಕಾಲ ಬೇಗ ಮುಗಿಯುತ್ತದೆ. ಬಡವನ ಮನೆಯಲ್ಲಿ ಅದು ತಲೆಮಾರುಗಟ್ಟಲೆ ಉಳಿಯುತ್ತದೆ.

ನಮ್ಮ ಭಾಗದ ಹಳ್ಳಿಗಳನ್ನು ಈ ದೃಷ್ಟಿಯಿಂದ ನೋಡಿರಿ. ಡಾಂಬರು ರಸ್ತೆ ಕಾಣದ ತಾಂಡೆಯ ಅಂಗಡಿಯಲ್ಲಿಯೂ ಬಣ್ಣದ ಕಾಗದದ ಚಾಕಲೇಟು ನೇತಾಡುತ್ತದೆ. ಐದು ರೂಪಾಯಿಗೆ ಬಿಸ್ಕೀಟಿನ ಪುಡಿಕೆ ದೊರೆಯುತ್ತದೆ. ಮಗುವಿನ ಬ್ರಷ್ಷು ಮಾತ್ರ ಅಲ್ಲಿ ಕಾಣುವುದು ಅಪರೂಪ. ಹಲ್ಲಿನ ವೈದ್ಯರಂತೂ ತಾಲ್ಲೂಕಿನ ಊರಿಗೋ ಸೊಲ್ಲಾಪುರಕ್ಕೋ ಹೋದರೆ ಉಂಟು. 2002–03ರಲ್ಲಿ ಭಾರತೀಯ ದಂತವೈದ್ಯ ಪರಿಷತ್ತು ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು, ಎಂದರೆ 51.9 ಪ್ರತಿಶತ ಮಕ್ಕಳಿಗೆ ಹುಳುಕು ಕಂಡುಬಂದಿತ್ತು. ಇಂಗ್ಲೆಂಡಿನ ಕಡುಬಡವರ ಲೆಕ್ಕವನ್ನೂ ಮೀರಿದ ಲೆಕ್ಕವಿದು.

ಸೊಲ್ಲಾಪುರ ಜಿಲ್ಲೆ ಸಕ್ಕರೆ ಕಾರ್ಖಾನೆಗಳ ಸೀಮೆ. ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ಅರೆಯುವ ಹಂಗಾಮು ಆರಂಭವಾಗುತ್ತಲೆ ಜತ್ತದಂಥ ಬರಪೀಡಿತ ತಾಲ್ಲೂಕುಗಳಿಂದ ಸಂಸಾರಗಳು ಬಂಡಿಯಲ್ಲಿಯೋ ಟ್ರಾಕ್ಟರಿನಲ್ಲಿಯೋ ಕಬ್ಬು ಕಡಿಯಲು ಹೊರಡುತ್ತವೆ. ಗಂಡಹೆಂಡಿರ ಜೋಡಿಗೆ ‘ಕೊಯ್ತಾ’ ಎಂದೇ ಹೆಸರು. ಮನುಷ್ಯರನ್ನು ಅವರ ಕೈಯ ಕತ್ತಿಯ ಹೆಸರಿನಿಂದ ಎಣಿಸುವ ಲೆಕ್ಕವದು. ಮುಕಾದಮನಿಂದ ಮುಂಗಡ ಪಡೆದ ಮೇಲೆ ಆ ಋಣ ತೀರುವವರೆಗೆ ಬಿಡುವೆಂಬುದಿಲ್ಲ. ಇನ್ನೂ ಕತ್ತಲಿರುವಾಗಲೆ ತಾಯಿ ಗದ್ದೆಗೆ ಹೋಗಬೇಕು. ಗುಡಿಸಲಲ್ಲಿ ಮೂರು ವರ್ಷದ ಕೂಸನ್ನು ಏಳು ವರ್ಷದ ಅಕ್ಕ ನೋಡಿಕೊಳ್ಳುತ್ತಾಳೆ. ಕೂಸು ಅತ್ತರೆ ಅವಳ ಕೈಯಲ್ಲಿರುವ ಉಪಾಯವೆಂದರೆ ಬಿಸ್ಕೀಟು ಮತ್ತು ಸಿಹಿ ಚಹಾ. ಈ ತಾಯಿಗೆ ‘ಮಗುವಿಗೆ ದಿನಕ್ಕೆರಡು ಸಲ ಹಲ್ಲುಜ್ಜಿಸು, ನಡುವೆ ಸಿಹಿ ಕೊಡಬೇಡ’ ಎಂದು ಉಪದೇಶಿಸುವುದು ಸುಲಭ. ಅದನ್ನು ಪಾಲಿಸಲು ಬೇಕಾದ ಹೊತ್ತು, ಬೆಳಕು, ನೀರು ಇವನ್ನು ಅವಳಿಗೆ ಕೊಡುವವರಾರು? ಲೋಕದ ಬಾಯಿಗೆ ಸಕ್ಕರೆಯನ್ನು ಕಡಿದು ಕೊಡುವ ಕೈಯೇ ತನ್ನ ಕೂಸಿನ ಹಲ್ಲನ್ನು ಕಾಯಲಾರದೆ ಹೋಗುವುದು ನಮ್ಮ ಕಾಲದ ಒಂದು ವಿಪರ್ಯಾಸ.

ಪಟ್ಟಣದಲ್ಲಿ ಬೀಡಿ ಕಟ್ಟುವ ತಾಯಿಯ ಸ್ಥಿತಿಯೂ ಬೇರೆಯಲ್ಲ. ಅವಳ ಕೂಲಿ ಸಾವಿರ ಬೀಡಿಯ ಲೆಕ್ಕದ್ದು. ಮಗುವನ್ನು ಆಸ್ಪತ್ರೆಗೆ ಕರೆದೊಯ್ದರೆ ಆ ದಿನದ ಬೀಡಿಯೂ ಇಲ್ಲ, ಕೂಲಿಯೂ ಇಲ್ಲ. ಸರಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಹಣ ಬೇಡವೆಂದರೂ, ಹೋಗಿಬರುವ ಮೋಟಾರಿನ ಖರ್ಚು ಮತ್ತು ಕಳೆದುಹೋದ ಕೂಲಿ ಇವೆರಡೂ ಸೇರಿ ಪುಕ್ಕಟೆಯ ಚಿಕಿತ್ಸೆಯನ್ನು ದುಬಾರಿಯಾಗಿ ಮಾಡುತ್ತವೆ. ಆದುದರಿಂದ ಅವಳು ನೋವು ತಡೆಯಲಾರದಷ್ಟಾಗುವವರೆಗೆ ಕಾಯುತ್ತಾಳೆ. ಆ ಹೊತ್ತಿಗೆ ಹಲ್ಲನ್ನು ಉಳಿಸುವ ಕಾಲ ಮೀರಿ, ಕೀಳುವ ಕಾಲ ಬಂದಿರುತ್ತದೆ.

ಇನ್ನೊಂದು ಸಂಗತಿ. ನಮ್ಮ ಕಡೆಯ ಹಲವು ಮನೆಗಳಲ್ಲಿ ತಾಯಂದಿರು ಮಿಶ್ರಿಯನ್ನು, ಎಂದರೆ ಹುರಿದ ತಂಬಾಕಿನ ಪುಡಿಯನ್ನು, ಹಲ್ಲಿಗೆ ತಿಕ್ಕುವ ರೂಢಿಯಿದೆ. ಹಸಿವನ್ನೂ ದಣಿವನ್ನೂ ಮರೆಸುವುದರಿಂದ ದುಡಿಯುವ ಹೆಂಗಸರಲ್ಲಿ ಅದು ಬೇರೂರಿದೆ. ತಾಯಿಯ ಬೆರಳನ್ನು ನೋಡಿ ಮಗುವೂ ಅದನ್ನೇ ಕಲಿಯುತ್ತದೆ. ಮಿಶ್ರಿಯಿಂದ ಹಲ್ಲು ಗಟ್ಟಿಯಾಗುವುದಿಲ್ಲ. ಒಸಡು ಕೆಡುತ್ತದೆ, ಬಾಯಿಯ ಅರ್ಬುದಕ್ಕೆ ದಾರಿಯಾಗುತ್ತದೆ. ಇದಲ್ಲದೆ, ಹುಳುಕುಂಟುಮಾಡುವ ಸೂಕ್ಷ್ಮಜೀವಿಗಳು ಮಗುವಿನ ಬಾಯಿಗೆ ಬಹುಮಟ್ಟಿಗೆ ಬರುವುದು ತಾಯಿಯ ಬಾಯಿಂದಲೇ. ತಾಯಿಯ ಹಲ್ಲನ್ನು ಯಾರೂ ನೋಡದ ಮನೆಯಲ್ಲಿ ಮಗುವಿನ ಹಲ್ಲನ್ನು ಕಾಪಾಡುವುದು ಕಷ್ಟ.

ಗಡಿನಾಡಿನವರಾದ ನಮಗೆ ಮತ್ತೊಂದು ತೊಡಕು ಭಾಷೆಯದು. ಆರೋಗ್ಯದ ಹಸ್ತಪತ್ರಿಕೆ, ಗೋಡೆಯ ಪಟ ಇವು ಹೆಚ್ಚಾಗಿ ರಾಜ್ಯಭಾಷೆಯಲ್ಲಿ ಇರುತ್ತವೆ. ಮರಾಠಿಯನ್ನು ನಾವೆಲ್ಲ ಆಡುತ್ತೇವೆ, ಗೌರವಿಸುತ್ತೇವೆ. ಆದರೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಅಜ್ಜಿಗೆ ಮನಮುಟ್ಟುವುದು ಅವಳ ಮನೆಮಾತೇ. ‘ಫ್ಲೋರೈಡ್’ ಎಂಬ ಪರಕೀಯ ಪದವನ್ನು ಕೇಳಿ ಸುಮ್ಮನಾಗುವ ಅಜ್ಜಿಗೆ, ‘ಹಲ್ಲಿನ ಸುಣ್ಣ ಕರಗದ ಹಾಗೆ ಕಾಯುವ ವಸ್ತು’ ಎಂದು ಕನ್ನಡದಲ್ಲಿ ಹೇಳಿದರೆ ತಟ್ಟನೆ ತಿಳಿಯುತ್ತದೆ.

ಇಷ್ಟನ್ನೆಲ್ಲ ಏಕೆ ಹೇಳಿದೆನೆಂದರೆ, ಮಗುವಿನ ಬಾಯಲ್ಲಿ ಹುಳುಕು ಕಂಡೊಡನೆ ತಾಯಿಯನ್ನು ಗದರಿಸುವ ಪದ್ಧತಿ ನಮ್ಮಲ್ಲಿದೆ. ವೈದ್ಯರೂ ಗದರಿಸುತ್ತಾರೆ, ಅತ್ತೆಯೂ ಗದರಿಸುತ್ತಾಳೆ, ಗಂಡನೂ ಗದರಿಸುತ್ತಾನೆ. ಗದರಿಕೆಯಿಂದ ಒಂದು ಹಲ್ಲೂ ಉಳಿದುದನ್ನು ನಾನು ಕಾಣೆ. ಒಂದು ಮನೆಯಲ್ಲಿ ಹುಳುಕಾದರೆ ಅದು ಆ ಮನೆಯ ಅಲಕ್ಷ್ಯವೆನ್ನಬಹುದು. ಬಡವರ ಓಣಿಯುದ್ದಕ್ಕೂ ಹುಳುಕಾಗಿ, ಅನುಕೂಲವಂತರ ಓಣಿಯಲ್ಲಿ ಅದು ಕಡಿಮೆಯಾಗಿದ್ದರೆ ಅದಕ್ಕೆ ಅಲಕ್ಷ್ಯವೆಂಬ ಹೆಸರು ಸಲ್ಲದು. ಓಣಿಯ ರೋಗಕ್ಕೆ ಓಣಿಯೇ ಕೂಡಿ ಮದ್ದು ಮಾಡಬೇಕು.

ಹಾಗೆ ಕೂಡಿ ಮದ್ದು ಮಾಡಿದವರ ಉದಾಹರಣೆಯೂ ಇದೆ. ಸ್ಕಾಟ್ಲೆಂಡ್ ಒಂದು ಸಣ್ಣ ನಾಡು. ಅಲ್ಲಿನ ಮಕ್ಕಳ ಹಲ್ಲು ಬಹಳ ಕೆಟ್ಟಿದ್ದವು. 2003ರಲ್ಲಿ ಶಾಲೆಯ ಮೊದಲನೆಯ ತರಗತಿಗೆ ಬಂದ ಮಕ್ಕಳಲ್ಲಿ 100ಕ್ಕೆ 45 ಮಕ್ಕಳ ಹಲ್ಲುಗಳಲ್ಲಿ ಮಾತ್ರ ಹುಳುಕು ಕಾಣಿಸಿರಲಿಲ್ಲ. ಅಲ್ಲಿಯವರು ಶಿಶುವಿಹಾರಗಳಲ್ಲಿ ದಿನವೂ ಎಲ್ಲ ಮಕ್ಕಳನ್ನು ಸಾಲಾಗಿ ಕೂರಿಸಿ, ದೊಡ್ಡವರ ಕಣ್ಣೆದುರಿಗೆ ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜಿಸುವ ಪದ್ಧತಿಯನ್ನು ನಾಡಿನಾದ್ಯಂತ ಹರಡಿದರು. 2006ರಿಂದ ‘ಚೈಲ್ಡ್‌ಸ್ಮೈಲ್’ ಎಂಬ ಯೋಜನೆಯಾಗಿ, ಬಡ ಪ್ರದೇಶಗಳಿಗೆ ಹೆಚ್ಚಿನ ಗಮನ ಕೊಟ್ಟು ಮುಂದುವರಿಸಿದರು. 2018ರ ಹೊತ್ತಿಗೆ ಹುಳುಕಿಲ್ಲದ ಮಕ್ಕಳು 100ಕ್ಕೆ 71 ಆದರು. ಅಲ್ಲಿಯೂ ಬಡವರ ಬಲ್ಲಿದರ ಅಂತರ ಪೂರ್ತಿ ಅಳಿಯಲಿಲ್ಲ. ಅದೇ ವರ್ಷ ಅತಿ ಬಡ ಪ್ರದೇಶಗಳಲ್ಲಿ ಹುಳುಕಿಲ್ಲದವರು 56, ಅತಿ ಅನುಕೂಲದ ಪ್ರದೇಶಗಳಲ್ಲಿ 86. ಆದರೂ ಹಿಂದೆ ಇಡೀ ನಾಡಿನ ಸರಾಸರಿ 45 ಇದ್ದುದನ್ನು ನೆನೆದರೆ, ಇಂದು ಅಲ್ಲಿನ ಬಡಮಗು ಅಂದಿನ ಸಾಮಾನ್ಯ ಮಗುವಿಗಿಂತ ಮುಂದಿದೆ. ಇದಕ್ಕೆ ಬೇಕಾದುದು ಭಾರಿ ಯಂತ್ರವಲ್ಲ. ಬ್ರಷ್ಷು, ಒಂದು ಚೂರು ಪೇಸ್ಟು, ದಿನಕ್ಕೆ ಕೆಲವು ನಿಮಿಷ, ಮತ್ತು ತಪ್ಪದ ನಿಯಮ.

ಇನ್ನು ಮನೆಯಲ್ಲಿ ಮಾಡಬಹುದಾದುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೊದಲ ಹಲ್ಲು ಮೂಡಿದ ದಿನದಿಂದಲೇ ಉಜ್ಜಲು ಆರಂಭಿಸಬೇಕು. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಕಾಳಿನಷ್ಟು ಫ್ಲೋರೈಡ್ ಪೇಸ್ಟು ಸಾಕು. ನಮ್ಮ ದೇಶದ ನಿಯಮದಂತೆ ಪೇಸ್ಟಿನಲ್ಲಿ ಫ್ಲೋರೈಡು ಹತ್ತು ಲಕ್ಷಕ್ಕೆ ಸಾವಿರ ಭಾಗವನ್ನು ಮೀರುವಂತಿಲ್ಲ. ಕೊಳ್ಳುವಾಗ ಕೊಳವೆಯ ಮೇಲೆ ಅದರ ಪ್ರಮಾಣವನ್ನು ಓದಿ ನೋಡಿರಿ; ಸಾವಿರದ ಸಮೀಪವಿದ್ದರೆ ಒಳ್ಳೆಯದು. ಬೆಲೆ ಹೆಚ್ಚಾದುದೇ ಉತ್ತಮವೆಂಬುದು ಸುಳ್ಳು. ಬೂದಿ, ಇದ್ದಿಲು, ಇಟ್ಟಿಗೆಪುಡಿ ಹಲ್ಲನ್ನು ಸವೆಸುತ್ತವೆ. ಬೇವಿನ ಕಡ್ಡಿ ಹಿರಿಯರಿಗೆ ರೂಢಿಯಾದುದು. ಮೂರು ವರ್ಷದ ಮಗುವಿನ ಬಾಯಿಗೆ ಅದು ಒಗ್ಗುವುದಿಲ್ಲ, ಅದರಲ್ಲಿ ಫ್ಲೋರೈಡೂ ಇಲ್ಲ. ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಅಷ್ಟು ಚಾತುರ್ಯ ಇರುವುದಿಲ್ಲವಾದ್ದರಿಂದ ದೊಡ್ಡವರೇ ಉಜ್ಜಬೇಕು. ಎರಡು ಹೊತ್ತು ಸಾಧ್ಯವಿಲ್ಲದ ಮನೆಯವರು ಮಲಗುವ ಮುನ್ನಿನ ಹೊತ್ತನ್ನಾದರೂ ಬಿಡಬಾರದು. ಉಜ್ಜಿದ ಮೇಲೆ ನೀರಲ್ಲದೆ ಬೇರೇನನ್ನೂ ಕೊಡಬಾರದು.

ನಮ್ಮ ಒಣಸೀಮೆಯ ಕೆಲವು ಕೊಳವೆಬಾವಿಗಳ ನೀರಿನಲ್ಲಿಯೇ ಫ್ಲೋರೈಡು ಅಧಿಕವಾಗಿ ಹಲ್ಲು ಕಂದುಗಟ್ಟುವುದುಂಟು. ಲೀಟರಿಗೆ ಒಂದೂವರೆ ಮಿಲಿಗ್ರಾಮ್ ಮೀರಿದ ನೀರು ಕುಡಿಯಲು ತಕ್ಕುದಲ್ಲ. ಅಂಥ ಊರಿನವರು ಗ್ರಾಮಪಂಚಾಯಿತಿಯ ಮೂಲಕ ನೀರನ್ನು ಪರೀಕ್ಷೆ ಮಾಡಿಸಿ ಬೇರೆ ನೀರಿಗೆ ಒತ್ತಾಯಿಸಬೇಕು.

ತಿಂಗಳಿಗೊಮ್ಮೆ ಮಗುವಿನ ಮೇಲ್ದುಟಿಯನ್ನು ಎತ್ತಿ ನೋಡಿರಿ. ಮುಂದಿನ ಹಲ್ಲುಗಳಲ್ಲಿ, ಒಸಡಿನ ಅಂಚಿಗೆ, ಸುಣ್ಣದ ಗೆರೆಯಂತೆ ಬಿಳುಪು ಕಂಡರೆ ಅದೇ ಹುಳುಕಿನ ಮೊದಲ ಗುರುತು. ಆ ಹಂತದಲ್ಲಿ ಸಿಹಿಯನ್ನು ತಗ್ಗಿಸಿ, ಫ್ಲೋರೈಡ್ ಬಳಸಿದರೆ ಹಲ್ಲು ಮತ್ತೆ ಸುಧಾರಿಸಬಲ್ಲದು. ಕಂದುಬಣ್ಣಕ್ಕೆ ತಿರುಗಿ ಕುಳಿ ಬಿದ್ದ ಮೇಲೂ ನಿರಾಶೆ ಬೇಡ. ಬೆಳ್ಳಿ ಮತ್ತು ಫ್ಲೋರೈಡು ಸೇರಿದ ಒಂದು ದ್ರವವನ್ನು ಕುಂಚದಿಂದ ಹಚ್ಚಿದರೆ ಹುಳುಕು ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ. ಸೂಜಿಯಿಲ್ಲ, ಕೊರೆಯುವ ಯಂತ್ರವಿಲ್ಲ. ಹುಳುಕಾದ ಭಾಗ ಕಪ್ಪಾಗುವುದೊಂದೇ ದೋಷ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ದ್ರವವನ್ನೂ ಫ್ಲೋರೈಡ್ ಪೇಸ್ಟನ್ನೂ ಅತ್ಯವಶ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಬಡವರ ಮಕ್ಕಳಿಗೆ ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ಕೇಳಿ ಪಡೆಯಿರಿ. ಆದರೆ ಮಗುವಿನ ಮುಖ ಬಾತು ಜ್ವರ ಬಂದಿದ್ದರೆ ಒಂದು ದಿನವನ್ನೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಕೊನೆಗೆ ಸಂಘದವರಲ್ಲಿ ನನ್ನ ಮೂರು ವಿಜ್ಞಾಪನೆಗಳಿವೆ.

ಮೊದಲನೆಯದು: ಮುಂದಿನ ವರ್ಷದ ಕಾರ್ಯಕ್ರಮದಲ್ಲಿ ನಮ್ಮ ಭಾಗದ ಕೆಲವು ಅಂಗನವಾಡಿಗಳನ್ನೂ ಕನ್ನಡ ಶಾಲೆಗಳ ಮೊದಲ ತರಗತಿಗಳನ್ನೂ ಆರಿಸಿಕೊಂಡು, ಅಲ್ಲಿನ ಸೇವಿಕೆಯರ, ಶಿಕ್ಷಕರ ಒಪ್ಪಿಗೆಯಿಂದ, ದಿನವೂ ಒಮ್ಮೆ ಸಾಮೂಹಿಕವಾಗಿ ಹಲ್ಲುಜ್ಜಿಸುವ ಪದ್ಧತಿಯನ್ನು ಆರಂಭಿಸಬೇಕು. ಪ್ರತಿ ಮಗುವಿಗೆ ಹೆಸರು ಬರೆದ ಒಂದು ಬ್ರಷ್ಷು. ಮೂರು ತಿಂಗಳಿಗೊಮ್ಮೆ ಹೊಸದು. ಒಂದು ಬ್ರಷ್ಷಿಗೆ ಎರಡು ಮೂರು ಕಪ್ಪು ಚಹಾದ ಬೆಲೆ. ಮದುವೆ ಮುಂಜಿಗಳಲ್ಲಿ, ಹಿರಿಯರ ಪುಣ್ಯಸ್ಮರಣೆಯಲ್ಲಿ ದಾನ ಮಾಡುವವರು ಈ ದಾನವನ್ನೂ ಯೋಚಿಸಲಿ.

ಎರಡನೆಯದು: 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡವು ಅಂಗನವಾಡಿಯ ಮಕ್ಕಳನ್ನು ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಯ ಮಕ್ಕಳನ್ನು ಒಂದು ಸಲ ಪರೀಕ್ಷಿಸಬೇಕು. ಹಲ್ಲಿನ ಹುಳುಕೂ ಅದರ ಪಟ್ಟಿಯಲ್ಲಿದೆ. ತಂಡ ಬರುವ ದಿನ ಮಕ್ಕಳು ಹಾಜರಿರುವಂತೆ, ತಂಡದವರು ‘ದೊಡ್ಡ ಆಸ್ಪತ್ರೆಗೆ ಹೋಗಿ’ ಎಂದು ಬರೆದುಕೊಟ್ಟ ಮಗು ನಿಜವಾಗಿ ಅಲ್ಲಿಗೆ ತಲುಪುವಂತೆ ನೋಡಿಕೊಳ್ಳುವ ಕಾರ್ಯಕರ್ತರು ನಮಗೆ ಬೇಕು. ಚೀಟಿಗೂ ಆಸ್ಪತ್ರೆಗೂ ನಡುವೆ ಕಳೆದುಹೋಗುವ ಮಕ್ಕಳೇ ಹೆಚ್ಚು. ಕಬ್ಬಿನ ಹಂಗಾಮಿಗೆ ಊರು ಬಿಡುವ ಸಂಸಾರಗಳ ಮಕ್ಕಳನ್ನು, ಅವರು ಹೊರಡುವ ಮುನ್ನವೇ ತೋರಿಸಿಬಿಡುವುದು ಒಳ್ಳೆಯದು.

ಮೂರನೆಯದು: ಅಜ್ಜಿಗೂ ತಿಳಿಯುವ ಸುಲಭ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಚಿತ್ರಗಳೊಡನೆ, ಒಂದೇ ಹಾಳೆಯ ಹಸ್ತಪತ್ರಿಕೆಯನ್ನು ಸಂಘವು ಅಚ್ಚುಮಾಡಿಸಲಿ. ಬರೆದುಕೊಡುವ ಹೊಣೆ ನನ್ನದು. ಕನ್ನಡದ ಸೇವೆ ಕವಿತೆಯಿಂದ ಆಗುವಂತೆ ಇಂಥ ಹಾಳೆಯಿಂದಲೂ ಆಗುತ್ತದೆಂದು ನಾನು ನಂಬಿದ್ದೇನೆ.

ಬಂಧುಗಳೆ, ಸೊನ್ನಲಿಗೆಯ ಸಿದ್ಧರಾಮರು ಹನ್ನೆರಡನೆಯ ಶತಮಾನದಲ್ಲಿ ಕೆರೆ ಕಟ್ಟಿಸಿದರು. ಪ್ರತಿಯೊಂದು ಮನೆಯವರೂ ತಮ್ಮ ತಮ್ಮ ಬಾವಿಯನ್ನು ತೋಡಿಕೊಳ್ಳಲಿ ಎಂದು ಅವರು ಬಿಟ್ಟುಬಿಡಲಿಲ್ಲ. ಬಾವಿ ತೋಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲವಾದ್ದರಿಂದ ಎಲ್ಲರೂ ಕೂಡಿ ಮಾಡುವ ಕೆಲಸವನ್ನೇ ಧರ್ಮವೆಂದು ತಿಳಿದರು. ನಾವು ಇಂದು ಕಟ್ಟಬೇಕಾದುದು ಅಷ್ಟು ದೊಡ್ಡದಲ್ಲ. ಅಂಗನವಾಡಿಯ ಜಗಲಿಯ ಮೇಲೆ ಬೆಳಗಿನ ಕೆಲವು ನಿಮಿಷ, ಇಪ್ಪತ್ತು ಮೂವತ್ತು ಸಣ್ಣ ಬ್ರಷ್ಷು, ಒಂದು ಕೊಡ ನೀರು. ಸಿಹಿ ಈಗಾಗಲೆ ನಮ್ಮ ಮನೆಗಳಿಗೆ ಬಂದಾಗಿದೆ. ಅದನ್ನು ಹಿಂದಕ್ಕೆ ಕಳಿಸಲು ಯಾರಿಂದಲೂ ಆಗದು. ಬ್ರಷ್ಷು ತಾನಾಗಿ ಬರಲೆಂದು ಇನ್ನೊಂದು ತಲೆಮಾರು ಕಾಯುವ ಬದಲು, ಅದನ್ನು ನಾವೇ ಕೈಯಾರೆ ತಂದುಕೊಡೋಣ.